ಮೀನಿಗೆ ಇಪ್ಪತ್ತು ವರ್ಷ, ಥೀಸಿಸ್‌ಗೆ ಎರಡೇ

ಲೇಕ್ ಟ್ರೌಟ್ ಮೀನನ್ನು ಕೊಲ್ಲದೆ ಅದರ ವಯಸ್ಸು ತಿಳಿಯಬೇಕಾದರೆ ಈಜುರೆಕ್ಕೆಯ ಒಂದೆರಡು ಕಡ್ಡಿ ಕತ್ತರಿಸಿಕೊಳ್ಳಬೇಕು. ಒಣಗಿಸಿ, ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಡಿ ಇಟ್ಟರೆ ಮರದ ಕಾಂಡದಲ್ಲಿ ಇರುತ್ತಲ್ಲ, ಅಂಥದ್ದೇ ಉಂಗುರಗಳು ಕಾಣುತ್ತವೆ. ಕೆಲವು ಮೀನುಗಳಲ್ಲಿ ಎಣಿಕೆ ಇಪ್ಪತ್ತು ದಾಟುತ್ತದೆ. ಅಂದರೆ ಎಣಿಸುತ್ತಾ ಕೂತ ಎಂ.ಎಸ್ಸಿ. ಹುಡುಗಿಗಿಂತ ಮೀನಿನ ವಯಸ್ಸು ಸ್ವಲ್ಪವೇ ಕಡಿಮೆ!

ಉತ್ತರದ ತಣ್ಣೀರಿನ ಮೀನುಗಳ ಅಧ್ಯಯನದಲ್ಲಿ ಮೊದಲಿನಿಂದಲೂ ಇರುವ ಪೇಚು ಇದೇ. ಮೀನು ನಿಧಾನವಾಗಿ ಬೆಳೆಯುತ್ತದೆ, ಮೊಟ್ಟೆ ಇಡೋದಕ್ಕೇ ಆರೇಳು ವರ್ಷ ಬೇಕು. ವಿದ್ಯಾರ್ಥಿಗೆ ಸಿಗುವುದು ಎರಡು ಬೇಸಿಗೆ, ಪಿಎಚ್‌ಡಿ ಆದರೆ ನಾಲ್ಕೈದು. ಹಾಗಾದ್ರೆ ಮೀನಿನ ಪೂರ್ತಿ ಬದುಕು ನೋಡುವವರು ಯಾರು?

ಕೆನಡಾದಲ್ಲಿ ಇದಕ್ಕೊಂದು ದಾರಿ ಸಿಕ್ಕಿದ್ದು 1968ರಲ್ಲಿ. ಒಂಟಾರಿಯೊದ ವಾಯವ್ಯ ಮೂಲೆಯಲ್ಲಿ, ಕೆನೋರಾ ಊರಿನ ಹತ್ತಿರದ ಕಾಡಿನಲ್ಲಿ, 58 ಸಣ್ಣ ಕೆರೆಗಳನ್ನು ಬರೀ ಪ್ರಯೋಗಕ್ಕೆ ಅಂತ ಎತ್ತಿಟ್ಟರು. ಹೆಸರು ಎಕ್ಸ್‌ಪೆರಿಮೆಂಟಲ್ ಲೇಕ್ಸ್ ಏರಿಯಾ. ಕೆರೆಗಳನ್ನು ಹೆಚ್ಚಾಗಿ ಕರೆಯುವುದು ಮಾತ್ರ ಹೆಸರಿನಿಂದಲ್ಲ, ನಂಬರಿನಿಂದ. ಬಾಟಲಿಯಲ್ಲಿ ಮಾಡುವ ಪ್ರಯೋಗವನ್ನು ಇಡೀ ಕೆರೆಯಲ್ಲಿ ಮಾಡಿ ನೋಡೋಣ ಅನ್ನೋದು ಲೆಕ್ಕಾಚಾರ. ಮೊದಲ ಎರಡು ದಶಕ ಅದನ್ನು ನಡೆಸಿದವರು ಡೇವಿಡ್ ಶಿಂಡ್ಲರ್.

ಶುರುವಾಗಿದ್ದು ಮೀನಿಗಾಗಿ ಅಲ್ಲ, ಪಾಚಿಗಾಗಿ. ಕೆರೆ ಹಸಿರುಗಟ್ಟಲು ಕಾರಣ ಡಿಟರ್ಜೆಂಟಿನ ರಂಜಕವಲ್ಲ, ಇಂಗಾಲ ಅಂತ ಸಾಬೂನು ಕಂಪನಿಗಳ ಕಡೆಯವರು ವಾದ ಮಾಡುತ್ತಿದ್ದ ಕಾಲ ಅದು. 1973ರಲ್ಲಿ 226ನೇ ಕೆರೆಗೆ ನಡುವೆ ಪರದೆ ಕಟ್ಟಿ, ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ, ಇನ್ನೊಂದಕ್ಕೆ ಅವೆರಡರ ಜೊತೆ ರಂಜಕ ಹಾಕಿದರು. ರಂಜಕ ಬಿದ್ದ ಭಾಗ ಮಾತ್ರ ಹಸಿರಾಯಿತು. ಮೇಲಿನಿಂದ ತೆಗೆದ ಆ ಒಂದು ಫೋಟೊ ನೂರು ಪುಟದ ವರದಿಗಿಂತ ಜಾಸ್ತಿ ಕೆಲಸ ಮಾಡಿತು. ಬೆಳ್ಳಂದೂರು ಕೆರೆಯ ನೊರೆ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಮೀನಿನ ಕಥೆ ಬರುವುದು 223ನೇ ಕೆರೆಯಲ್ಲಿ. ಆಮ್ಲಮಳೆ ಬಗ್ಗೆ ಜಗಳ ನಡೆಯುತ್ತಿದ್ದಾಗ, 1976ರಿಂದ ಆ ಕೆರೆಗೆ ಸ್ವಲ್ಪ ಸ್ವಲ್ಪವೇ ಸಲ್ಫ್ಯೂರಿಕ್ ಆಸಿಡ್ ಹಾಕುತ್ತಾ ಬಂದರು. ಸುಮಾರು 6.8 ಇದ್ದ ಪಿಎಚ್ (ಇದು ಕಡಿಮೆಯಾದಷ್ಟೂ ನೀರು ಹುಳಿ) ಕೆಲವು ವರ್ಷಗಳಲ್ಲಿ 5ಕ್ಕೆ ಇಳಿಯಿತು. ಆಸಿಡ್ ಜಾಸ್ತಿ ಆದಾಗ ದೊಡ್ಡ ಮೀನು ಸಾಯುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆಗಿದ್ದು ಬೇರೆ. ಮೊದಲು ಮಾಯವಾದದ್ದು ಟ್ರೌಟಿನ ಆಹಾರ: ಒಂದು ಜಾತಿಯ ಪುಟಾಣಿ ಸಿಗಡಿ, ಫ್ಯಾಟ್‌ಹೆಡ್ ಮಿನ್ನೋ ಅನ್ನುವ ಸಣ್ಣ ಮೀನು. ಟ್ರೌಟ್ ಸಾಯಲಿಲ್ಲ, ಸೊರಗಿತು. ತಲೆ ದೊಡ್ಡದು, ಮೈ ಕಡ್ಡಿ, ಹಾಗೆ. ಒಂದೇ ಬೇಸಿಗೆ ನೋಡಿ ಹೋಗಿದ್ದರೆ 'ಟ್ರೌಟ್ ಚೆನ್ನಾಗಿದೆ' ಅಂತ ವರದಿ ಬರೆಯಬಹುದಿತ್ತು.

260ನೇ ಕೆರೆಯಲ್ಲೂ ಹೀಗೇ. ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನನ್ನು 2001ರಿಂದ 2003ರವರೆಗೆ, ಲೀಟರಿಗೆ 5–6 ನ್ಯಾನೋಗ್ರಾಂ ಲೆಕ್ಕದಲ್ಲಿ ಹಾಕಿದರು. ಗಂಡು ಮಿನ್ನೋಗಳಲ್ಲಿ ಹೆಣ್ಣಿನ ಲಕ್ಷಣ ಕಾಣಿಸಿತು, ಮರಿಗಳೇ ಇಲ್ಲದಂತಾಯಿತು. ಹಾಕುವುದು ನಿಲ್ಲಿಸಿದ ಮೇಲೆ ಅವು ಚೇತರಿಸಿಕೊಳ್ಳಲು ಕೆಲವು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ಮೊದಲ ದಿನ ಬಲೆ ಹಾಕಿದ ವಿದ್ಯಾರ್ಥಿ ಡಿಗ್ರಿ ತಗೊಂಡು ಎಲ್ಲೋ ಕೆಲಸಕ್ಕೆ ಸೇರಿರುತ್ತಾನೆ. ಹೀಗೆ ಒಬ್ಬರ ನೋಟ್‌ಬುಕ್ ಇನ್ನೊಬ್ಬರ ಕೈಗೆ ಬರುತ್ತಾ ಬರುತ್ತಾ ಆದ ದಾಖಲೆ ಇದು.

ಈ ಕೆರೆಗಳ ಪ್ರಯೋಗಕೇಂದ್ರವನ್ನೇ 2012ರ ಮೇನಲ್ಲಿ ಕೆನಡಾ ಸರ್ಕಾರ ಮುಚ್ಚುತ್ತೇವೆ ಅಂದಿತು. ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ಉಳಿಸೋದಕ್ಕೆ! ಎದ್ದು ನಿಂತವರಲ್ಲಿ ಮುಂದೆ ಇದ್ದದ್ದು ಪ್ರೊಫೆಸರುಗಳಲ್ಲ. ಡಯಾನ್ ಒರಿಹೆಲ್ ಅನ್ನುವ ಪಿಎಚ್‌ಡಿ ವಿದ್ಯಾರ್ಥಿನಿ ಥೀಸಿಸ್ ಬದಿಗಿಟ್ಟು ಚಳವಳಿಗೆ ಇಳಿದರು. ಜುಲೈನಲ್ಲಿ ಒಟ್ಟಾವದ ಬೀದಿಯಲ್ಲಿ ವಿಜ್ಞಾನಿಗಳು ಬಿಳಿ ಕೋಟು ಹಾಕಿಕೊಂಡು, ಶವಪೆಟ್ಟಿಗೆ ಹೊತ್ತು 'ಸಾಕ್ಷ್ಯ ಸತ್ತಿತು' ಅಂತ ಪಾರ್ಲಿಮೆಂಟ್ ತನಕ ಮೆರವಣಿಗೆ ಹೋದರು. ಕೊನೆಗೆ 2014ರ ಏಪ್ರಿಲ್‌ನಲ್ಲಿ ವಿನಿಪೆಗ್‌ನ ಒಂದು ಸ್ವತಂತ್ರ ಸಂಸ್ಥೆ, ಐಐಎಸ್‌ಡಿ, ಅದನ್ನು ವಹಿಸಿಕೊಂಡಿತು. ಒರಿಹೆಲ್ ಈಗ ಕ್ವೀನ್ಸ್ ಯೂನಿವರ್ಸಿಟಿಯಲ್ಲಿ ಪ್ರಾಧ್ಯಾಪಕಿ. ಎಲ್ಲರಿಗೂ ಹಾಗೆ ಆಗುತ್ತೆ ಅನ್ಕೋಬೇಡಿ.

ಕೆನಡಾದಲ್ಲಿ ಮೀನಿನ ಬಗ್ಗೆ ಓದಿದವರಲ್ಲಿ ಎಷ್ಟೋ ಜನ ಹೋಗುವುದು ಕೇಂದ್ರದ ಮೀನುಗಾರಿಕೆ ಇಲಾಖೆಗೆ, ಪ್ರಾಂತ್ಯಗಳ ಇಲಾಖೆಗೆ, ಅಣೆಕಟ್ಟು ಮತ್ತು ಗಣಿಗಳಿಗೆ ಸರ್ವೆ ಮಾಡಿಕೊಡುವ ಕನ್ಸಲ್ಟಿಂಗ್ ಕಂಪನಿಗಳಿಗೆ, ಅಥವಾ ಮೂಲನಿವಾಸಿ ಸಮುದಾಯಗಳು ತಾವೇ ನಡೆಸುವ ಮೀನುಗಾರಿಕೆ ಯೋಜನೆಗಳಿಗೆ. ಶುರುವಿನಲ್ಲಿ ಹೆಚ್ಚಾಗಿ ಸಿಗುವುದು ಬೇಸಿಗೆ ಕಾಂಟ್ರ್ಯಾಕ್ಟ್.

ಕೆರೆಗಳ ಈ ಪ್ರಯೋಗ ಶುರುವಾದ ಮರುವರ್ಷ, 1969ರಲ್ಲಿ, ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜು ಶುರುವಾಯಿತು. ಅಲ್ಲಿ ಓದಿದವರು ಆ ಕಡೆ ಹೋಗುವುದಾದರೆ ಒಂದು ಮಾತು: ಸುಮ್ನೆ ಅರ್ಜಿ ತುಂಬಿ ಕಾಯಬೇಡಿ. ಅಲ್ಲಿ ಸಾಮಾನ್ಯವಾಗಿ ಮೊದಲು ಒಬ್ಬ ಗೈಡ್ ಒಪ್ಪಬೇಕು, ಸ್ಟೈಪೆಂಡಿನ ಮಾತೂ ಆಗಲೇ ಆಗುತ್ತದೆ. ಅವರಿಗೆ ಬರೆಯುವ ಮೇಲ್‌ನಲ್ಲಿ ಯಾವ ಮೀನು, ಯಾವ ಪ್ರಶ್ನೆ ಅಂತ ಎರಡು ಸಾಲಿನಲ್ಲಿ ಹೇಳಿ. ಡ್ರೈವಿಂಗ್ ಬರುತ್ತೆ, ದೋಣಿ ನಡೆಸೋದು ಬರುತ್ತೆ ಅನ್ನೋದನ್ನೂ ಸೇರಿಸಿ. ಟ್ರೌಟ್ ಮೊಟ್ಟೆ ಇಡಲು ಕಲ್ಲುಗಳ ಹತ್ತಿರ ಬರುವುದು ಅಕ್ಟೋಬರಿನಲ್ಲಿ, ಅದೂ ಕತ್ತಲಾದ ಮೇಲೆ. ಬಲೆ ಎಳೆಯುವಾಗ ಬೆರಳು ಮರಗಟ್ಟಿರುತ್ತವೆ. ಅದೇ ಬೆರಳಿನಲ್ಲಿ ಮೀನನ್ನು ಅಳೆದು, ರೆಕ್ಕೆ ಕಡ್ಡಿ ಕತ್ತರಿಸಿ, ಟ್ಯಾಗ್ ನಂಬರ್ ಬರೆದುಕೊಂಡು ನೀರಿಗೆ ಬಿಡಬೇಕು. ಕೆಲವು ಮೀನಿಗೆ ಟ್ಯಾಗ್ ಮೊದಲೇ ಇರುತ್ತದೆ, ಯಾರೋ ಹಾಕಿ ಹೋದದ್ದು.