ಪ್ಲೇಫೇರ್ ಗ್ರಾಫಿನಲ್ಲಿ ದಾವಣಗೆರೆ ಮೆಕ್ಕೆಜೋಳ

2024ರಲ್ಲಿ ಭಾರತದ ಮೆಕ್ಕೆಜೋಳದ ಲೆಕ್ಕ ತಿರುವುಮುರುವಾಯಿತು. ಅದುವರೆಗೆ ನಾವು ಹೊರದೇಶಕ್ಕೆ ಜೋಳ ಕಳಿಸುವವರು. 2021-22ರಲ್ಲೂ ಅದರ ಮರುವರ್ಷವೂ 30 ಲಕ್ಷ ಟನ್ನಿಗಿಂತ ಜಾಸ್ತಿ ಹೊರಗೆ ಹೋಗಿತ್ತು. 2024ರ ಹೊತ್ತಿಗೆ ರಫ್ತು ಕುಸಿಯಿತು. ಮ್ಯಾನ್ಮಾರ್, ಉಕ್ರೇನ್ ಕಡೆಯಿಂದ ಜೋಳ ಬರತೊಡಗಿತು. ದಶಕಗಳಲ್ಲಿ ಮೊದಲ ಸಲ, ಕಳಿಸಿದ್ದಕ್ಕಿಂತ ತರಿಸಿದ್ದೇ ಹೆಚ್ಚಾಯಿತು. ದಾವಣಗೆರೆಗೆ ಇದು ಸಣ್ಣ ಸುದ್ದಿ ಅಲ್ಲ. ಮುಂಗಾರು ಬೆಳೆ ಬಂತೆಂದರೆ ಇಲ್ಲಿ ಕಣ, ರಸ್ತೆ ಬದಿ, ಎಪಿಎಂಸಿ ಯಾರ್ಡು, ಎಲ್ಲಿ ನೋಡಿದರೂ ಜೋಳದ್ದೇ ರಾಶಿ.

ಈ ಲೆಕ್ಕವನ್ನು ಚಿತ್ರವಾಗಿ ತೋರಿಸಲು ಎರಡು ಗೆರೆ ಸಾಕು. ಆಮದಿಗೊಂದು, ರಫ್ತಿಗೊಂದು. ಎರಡೂ ವರ್ಷದಿಂದ ವರ್ಷಕ್ಕೆ ಏರುತ್ತಾ ಇಳಿಯುತ್ತಾ ಸಾಗಿ, 2024ರಲ್ಲಿ ಒಂದನ್ನೊಂದು ದಾಟುತ್ತವೆ. ಇಂಥ ಚಿತ್ರ ಈಗ ಪೇಪರಿನಲ್ಲಿ ದಿನಾ ಬರುತ್ತದೆ, ಯಾರೂ ಬೆರಗಾಗುವುದಿಲ್ಲ. ಆದರೆ ವ್ಯಾಪಾರದ ಅಂಕಿಗಳನ್ನು ಹೀಗೆ ಗೆರೆಯಾಗಿ ಎಳೆದು ಒಂದು ಪುಸ್ತಕವನ್ನೇ ಮಾಡಿದವನು 1786ರ ವಿಲಿಯಂ ಪ್ಲೇಫೇರ್. ನಮ್ಮ ಜೋಳದ ಅಂಕಿಗಳನ್ನು ಅವನದೇ ಶೈಲಿಯಲ್ಲಿ, ಅವನದೇ ನಿಯಮದ ಪ್ರಕಾರ ಬರೆದು ನೋಡೋಣ ಅಂತ ಕೂತೆ. ಹಳೆಯ ಗ್ರಾಫ್ ಒಂದನ್ನು ಸುಮ್ನೆ ನೋಡಿದರೆ ಅಂದ ಕಾಣುತ್ತದೆ. ನಮ್ಮ ಅಂಕಿ ಹಾಕಿ ಮತ್ತೆ ಬರೆದಾಗ, ಬರೆದವನು ಎಲ್ಲೆಲ್ಲಿ ತನ್ನ ಅಭಿಪ್ರಾಯ ಸೇರಿಸಿದ್ದಾನೆ ಅನ್ನುವುದೂ ಕಾಣುತ್ತದೆ.

ಪ್ಲೇಫೇರ್ ಹುಟ್ಟಿದ್ದು 1759ರಲ್ಲಿ, ಸ್ಕಾಟ್ಲೆಂಡಿನ ಡಂಡೀ ಹತ್ತಿರ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಗಣಿತ ಬಲ್ಲ ಅಣ್ಣ ಜಾನ್ ಪಾಠ ಹೇಳಿಕೊಟ್ಟ. ಥರ್ಮಾಮೀಟರ್ ನೋಡಿ ಅದರ ಏರಿಳಿತವನ್ನು ಅಳತೆ ಹಾಕಿದ ಗೆರೆಗಳಲ್ಲಿ ಗುರುತು ಮಾಡು ಅಂತ ತಮ್ಮನನ್ನು ಹಚ್ಚಿದ್ದು ಈ ಅಣ್ಣನೇ. ಆಮೇಲೆ ಹುಡುಗ ಆಂಡ್ರ್ಯೂ ಮೀಕಲ್ ಹತ್ತಿರ ಕೆಲಸ ಕಲಿಯಲು ಸೇರಿದ. ಒಕ್ಕಣೆ ಯಂತ್ರಕ್ಕೆ ಹೆಸರಾದ ಮೀಕಲ್ ಇವನೇ, ಹಾಗಾಗಿ ನಮ್ಮ ರೈತರಿಗೂ ದೂರದ ಸಂಬಂಧ ಇದೆ ಅನ್ನಿ. ಅಲ್ಲಿಂದ ಉಗಿಯಂತ್ರದ ಜೇಮ್ಸ್ ವಾಟ್ ಬಳಿ ಡ್ರಾಯಿಂಗ್ ಬರೆಯುವ ಕೆಲಸ. ಮುಂದೆ ಅವನು ಕೈ ಹಾಕದ ದಂಧೆ ಇಲ್ಲ. ಬ್ಯಾಂಕು, ಪತ್ರಿಕೆ, ಅಮೆರಿಕದ ಜಮೀನು ಮಾರುವ ಕಂಪನಿ. ಸಾಲ ತೀರಿಸಲಾಗದೆ ಜೈಲನ್ನೂ ಕಂಡ. 1823ರಲ್ಲಿ ಸತ್ತ. ಪೈ ಚಾರ್ಟ್ ಕೂಡ ಇವನದೇ, 1801ರದ್ದು. ಆದರೆ ಅದರ ಮಾತು ಇಲ್ಲಿ ಬೇಡ.

1786ರ ಪುಸ್ತಕದ ಹೆಸರಿನಲ್ಲಿ ಅಟ್ಲಾಸ್ ಅಂತ ಇದೆ. ಒಳಗೆ ಒಂದೂ ಭೂಪಟ ಇಲ್ಲ! ಇರುವುದು 44 ಗ್ರಾಫ್. ಹಣವನ್ನು ಎತ್ತರವಾಗಿ ತೋರಿಸುವುದು ಆಗಿನ ಓದುಗರಿಗೆ ಹೊಸದು. ಗೆರೆ ಮೇಲೆ ಹೋದರೆ ದುಡ್ಡು ಹೆಚ್ಚಾಯಿತು ಅಂತ ಯಾಕೆ ತಿಳಿಯಬೇಕು? ಅವರಿಗಾಗಿ ಪ್ಲೇಫೇರ್ ಒಂದು ಉದಾಹರಣೆ ಕೊಟ್ಟ. ವ್ಯಾಪಾರಿಯೊಬ್ಬನಿಗೆ ಬರುವ ದುಡ್ಡೆಲ್ಲ ಗಿನಿ ನಾಣ್ಯದಲ್ಲೇ ಬರುತ್ತದೆ ಅಂದುಕೊಳ್ಳಿ. ದಿನಾ ಸಂಜೆ ಅವನು ಅವತ್ತಿನ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಇಡುತ್ತಾನೆ. ಸಾಲಾಗಿ ನಿಂತ ಆ ಪೇರಿಕೆಗಳನ್ನು ನೋಡಿದರೆ ಯಾವ ದಿನ ಎಷ್ಟು ಬಂತು ಅಂತ ತಿಳಿಯುತ್ತದೆ ಅಲ್ವಾ? ಗ್ರಾಫ್ ಅಂದರೆ ಅಷ್ಟೇ, ಕಾಗದದ ಮೇಲೆ. ಈ ಮಾತನ್ನು ನಮ್ಮ ದಲಾಲಿ ಅಂಗಡಿಯಲ್ಲಿ ಯಾರಿಗೆ ಹೇಳಿದರೂ ಎರಡನೇ ಸಲ ಹೇಳಬೇಕಾಗುವುದಿಲ್ಲ.

ನಾನು ಆರಿಸಿಕೊಂಡದ್ದು ಇಂಗ್ಲೆಂಡ್ ಮತ್ತು ಡೆನ್ಮಾರ್ಕ್-ನಾರ್ವೆ ನಡುವಿನ ವ್ಯಾಪಾರದ ಗ್ರಾಫ್. 1700ರಿಂದ 1780ರವರೆಗಿನದು. ಕೆಳಗಿನ ಗೆರೆಯಲ್ಲಿ ವರ್ಷಗಳು. ಹಣದ ಅಳತೆ ಎಡಕ್ಕಿಲ್ಲ, ಬಲಕ್ಕಿದೆ, ಒಂದೊಂದು ಮೆಟ್ಟಿಲಿಗೆ 10,000 ಪೌಂಡ್. ಯಾವ ಗೆರೆ ಯಾವುದು ಅಂತ ಮೂಲೆಯಲ್ಲಿ ಪಟ್ಟಿ ಕೊಟ್ಟಿಲ್ಲ. ‘ಆಮದಿನ ಗೆರೆ’, ‘ರಫ್ತಿನ ಗೆರೆ’ ಅಂತ ಆಯಾ ಗೆರೆಯ ಮೇಲೇ ಬರೆದಿದ್ದಾನೆ, ಅಕ್ಷರಗಳು ಗೆರೆಯ ಜೊತೆ ಬಾಗುತ್ತಾ ಹೋಗುತ್ತವೆ. ಓದುಗನ ಕಣ್ಣು ಮೂಲೆಗೆ ಹೋಗಿ ಬರಬೇಕಿಲ್ಲ. ಈಗಿನ ಎಷ್ಟೋ ಗ್ರಾಫ್‌ಗಳಿಗಿಂತ ಇದು ವಾಸಿ. ಕನ್ನಡದಲ್ಲಿ ಅದನ್ನೇ ಮಾಡಹೋದರೆ ಮಾತ್ರ ಸಾಫ್ಟ್‌ವೇರ್ ಕೈ ಕೊಡುತ್ತದೆ. ಗೆರೆ ಬಾಗಿದ ಕಡೆ ಒತ್ತಕ್ಷರಗಳು ತಮ್ಮ ಅಕ್ಷರ ಬಿಟ್ಟು ಬೇರೆ ಕಡೆ ಓಡುತ್ತವೆ. ಕೊನೆಗೆ ಆ ಹೆಸರುಗಳನ್ನು ಪ್ರಿಂಟ್ ಮೇಲೆ ಕೈಯಲ್ಲೇ ಬರೆದೆ. ಪ್ಲೇಫೇರನ ಪುಸ್ತಕದಲ್ಲೂ ಬಣ್ಣ ಕೈಯಲ್ಲಿ ಹಚ್ಚಿದ್ದೇ, ಅಚ್ಚಾದದ್ದು ತಾಮ್ರದ ತಗಡಿನಲ್ಲಿ ಕೊರೆದ ಗೆರೆ ಮಾತ್ರ.

ಅಂಕಿಗಳ ವಿಷಯಕ್ಕೆ ಬರೋಣ. ಪ್ರಪಂಚದ ಯಾವ ಬಂದರಿನಲ್ಲೇ ಆಗಲಿ, ಮೆಕ್ಕೆಜೋಳಕ್ಕೆ ಕಸ್ಟಮ್ಸ್ ಸಂಖ್ಯೆ 1005. ಅದರೊಳಗೆ ಬಿತ್ತನೆ ಬೀಜ ಬೇರೆ, ಉಳಿದ ಕಾಳು ಬೇರೆ. ಭಾರತದ ಲೆಕ್ಕವನ್ನು ಒಟ್ಟು ಹಾಕುವ ಕೇಂದ್ರ ಸರ್ಕಾರದ ಕಚೇರಿ ಕೋಲ್ಕತ್ತದಲ್ಲಿದೆ. ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಜಾಲತಾಣದಲ್ಲಿ ಎಲ್ಲ ದೇಶಗಳ ಲೆಕ್ಕ ಒಟ್ಟಿಗೆ ಸಿಗುತ್ತದೆ. ಅಂಕಿ ಸಿಕ್ಕ ಮೇಲೆ ಶುರುವಾಗುವುದು ನಿಜವಾದ ಪೇಚಾಟ. ನಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ವಿಶ್ವಸಂಸ್ಥೆಯದು ಜನವರಿಯಿಂದ ಡಿಸೆಂಬರ್. ಒಂದೇ ಜೋಳಕ್ಕೆ ಕಳಿಸಿದ ದೇಶ ಬರೆದುಕೊಂಡ ಬೆಲೆಯೂ ಇಳಿಸಿಕೊಂಡ ದೇಶ ಬರೆದುಕೊಂಡ ಬೆಲೆಯೂ ತಾಳೆಯಾಗುವುದಿಲ್ಲ. ಕಳಿಸುವವರು ಬಂದರಿನಲ್ಲಿ ಹಡಗು ಹತ್ತಿಸುವವರೆಗಿನ ಬೆಲೆ ಹಾಕುತ್ತಾರೆ. ಇಳಿಸಿಕೊಳ್ಳುವವರು ಹಡಗಿನ ಬಾಡಿಗೆ, ವಿಮೆ ಸೇರಿಸಿ ಹಾಕುತ್ತಾರೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಅಳತೆ ಯಾವುದರಲ್ಲಿ? ರೂಪಾಯಿಯಲ್ಲಿ ಬರೆದರೆ ಬೆಲೆ ಏರಿದ್ದಕ್ಕೇ ಗೆರೆ ಮೇಲೆ ಹೋಗುತ್ತದೆ, ಜೋಳ ಒಂದು ಚೀಲವೂ ಹೆಚ್ಚಾಗದಿದ್ದರೂ. ಇಲ್ಲಿ ಹಳೆಯ ಇಂಗ್ಲಿಷ್ ಲೆಕ್ಕದ ಒಂದು ಗುಟ್ಟು ತಿಳಿದಿರಬೇಕು. ಆಗಿನ ಕಸ್ಟಮ್ಸ್ ಪುಸ್ತಕಗಳಲ್ಲಿ ಇರುತ್ತಿದ್ದದ್ದು ಸರ್ಕಾರಿ ಬೆಲೆ. ಹೆಚ್ಚಿನ ಸರಕಿಗೆ 1700ರ ಆಸುಪಾಸಿನಲ್ಲಿ ಗೊತ್ತು ಮಾಡಿದ ಬೆಲೆಯನ್ನೇ ಮುಂದಿನ ಎಷ್ಟೋ ದಶಕ ಹಾಗೇ ಬಳಸಿದರು. ಪೇಟೆಯಲ್ಲಿ ಬೆಲೆ ಏನಾದರೂ ಆಗಲಿ, ಪುಸ್ತಕದಲ್ಲಿ ಅದೇ ಬೆಲೆ. ಹಾಗಾಗಿ ಅಂಥ ಲೆಕ್ಕದಿಂದ ಎಳೆದ ಗೆರೆ ಪೌಂಡಿನಲ್ಲಿದ್ದರೂ ಹೆಚ್ಚುಕಮ್ಮಿ ಹೇಳುವುದು ಸರಕು ಎಷ್ಟು ಹೋಯಿತು, ಎಷ್ಟು ಬಂತು ಅನ್ನುವುದನ್ನೇ. ಹಳೆಯ ಗ್ರಾಫಿಗೆ ನಿಷ್ಠೆಯಿಂದ ಇರಬೇಕಾದರೆ ನಮ್ಮ ಜೋಳವನ್ನು ಟನ್ನಿನಲ್ಲಿ ಬರೆಯಬೇಕು. ಹಾಗೇ ಬರೆದೆ.

ಗೆರೆ ಎಳೆದಾಯಿತು. ಇನ್ನು ಬಣ್ಣ. ಪ್ಲೇಫೇರ್ ಎರಡು ಗೆರೆಗಳ ನಡುವಿನ ಜಾಗಕ್ಕೆ ಬಣ್ಣ ತುಂಬುತ್ತಾನೆ. ಡೆನ್ಮಾರ್ಕ್ ಗ್ರಾಫಿನಲ್ಲಿ ಮೊದಮೊದಲು ಆಮದು ಮೇಲೆ, ರಫ್ತು ಕೆಳಗೆ. ಆ ಜಾಗದ ಮೇಲೆ ‘ಇಂಗ್ಲೆಂಡಿಗೆ ವಿರುದ್ಧ’ ಅನ್ನುವ ಅರ್ಥದ ಬರಹ. 1750ರ ದಶಕದ ನಡುವೆ ಗೆರೆಗಳು ದಾಟುತ್ತವೆ. ಅಲ್ಲಿಂದಾಚೆ ಬಣ್ಣ ಬದಲು, ಬರಹವೂ ಬದಲು: ‘ಇಂಗ್ಲೆಂಡಿನ ಪರ’. ಅದೇ ನಿಯಮದಂತೆ ನಾನು 2024ರವರೆಗೆ ಹಳದಿ, ಅಲ್ಲಿಂದ ನಸುಗೆಂಪು ಹಚ್ಚಿ, ನಸುಗೆಂಪಿನ ಮೇಲೆ ‘ಭಾರತಕ್ಕೆ ವಿರುದ್ಧ’ ಅಂತ ಬರೆದೆ. ಜಗಳೂರು ಕಡೆಯ ಜೋಳದ ಬೆಳೆಗಾರರೊಬ್ಬರು ಅದನ್ನು ನೋಡಿ ಕೇಳಿದ್ದು ಇಷ್ಟು: “ರೇಟು ಸಿಕ್ಕಿದ್ದೇ ಆ ವರ್ಷ ಅಲ್ಲೇನ್ರೀ? ಅದಕ್ಯಾಕೆ ಕೆಂಪು ಬಳ್ದೀರಿ?”

ಅವರು ಹೇಳಿದ್ದು ಸರಿ. 2024ರಲ್ಲಿ ಜೋಳ ಹೊರಗೆ ಹೋಗದೆ ಉಳಿದದ್ದು ಇಲ್ಲೇ ಗಿರಾಕಿ ಹೆಚ್ಚಿದ್ದರಿಂದ. ನಮ್ಮ ಜೋಳದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಕೋಳಿ ಮತ್ತು ದನಗಳ ಮೇವಿಗೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಹಾಕಿತು. ಪೆಟ್ರೋಲಿಗೆ ಬೆರೆಸುವ ಎಥನಾಲ್ ಬೇರೆ ಎಲ್ಲಿಂದಲಾದರೂ ಬರಬೇಕಲ್ಲ. ಜೋಳದಿಂದ ಮಾಡಿದ ಎಥನಾಲಿಗೆ ಲೀಟರಿಗೆ 71.86 ರೂಪಾಯಿ ಗೊತ್ತಾಯಿತು. ಒಂದು ಟನ್ ಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಸಿಗುತ್ತದೆ. ಕೋಳಿ ಫಾರಂನವರೂ ಎಥನಾಲ್ ಕಾರ್ಖಾನೆಯವರೂ ಒಂದೇ ರಾಶಿಗೆ ಕೈ ಹಾಕಿದರು, ಹಲವು ಮಾರುಕಟ್ಟೆಗಳಲ್ಲಿ ಧಾರಣೆ ಬೆಂಬಲ ಬೆಲೆಯನ್ನು ದಾಟಿತು. ಆಗ ಕೋಳಿ ಸಾಕಣೆಯವರಿಗಾಗಿ 5 ಲಕ್ಷ ಟನ್ನಿನವರೆಗೆ, ಮಾಮೂಲಿ ಶೇ. 50ರ ಬದಲು ಶೇ. 15ರ ಸುಂಕದಲ್ಲಿ ಜೋಳ ತರಿಸಲು ಬಿಟ್ಟರು. ಅಂದರೆ ಗ್ರಾಫಿನಲ್ಲಿ ‘ವಿರುದ್ಧ’ ಅಂತ ಬಣ್ಣ ಬಿದ್ದ ವರ್ಷ ಬೆಳೆದವನಿಗೆ ಒಳ್ಳೆಯದು, ಕೋಳಿ ಫಾರಂ ಇಟ್ಟವನಿಗೆ ಕಷ್ಟ. ಎರಡು ಗೆರೆ ಎಷ್ಟು ದೂರ ಇವೆ ಅನ್ನುವುದು ಅಂಕಿ. ಆ ದೂರ ಯಾರಿಗೆ ಕೇಡು ಅನ್ನುವುದು ಬಣ್ಣ ಹಚ್ಚಿದವನ ನಂಬಿಕೆ. ರಫ್ತು ಹೆಚ್ಚಿದ್ದರೆ ದೇಶಕ್ಕೆ ಲಾಭ, ಆಮದು ಹೆಚ್ಚಿದ್ದರೆ ನಷ್ಟ ಅನ್ನುವುದು ಪ್ಲೇಫೇರನ ಕಾಲದಲ್ಲಿ ಬೇರೂರಿದ್ದ ನಂಬಿಕೆ. ಈಗಲೂ ಟಿವಿ ಚರ್ಚೆಗಳಲ್ಲಿ ಅದೇ ಓಡುತ್ತದೆ.

ಈ ಬಣ್ಣದ ನಿಯಮ ಇನ್ನೂ ಜೋರಾಗಿ ಮುಗ್ಗರಿಸುವುದು ನಮ್ಮದೇ ಕಡೆಯ ಗ್ರಾಫಿನಲ್ಲಿ. ಅದೇ ಪುಸ್ತಕದಲ್ಲಿ ಈಸ್ಟ್ ಇಂಡೀಸ್, ಅಂದರೆ ಭಾರತವೂ ಸೇರಿದ ಪೂರ್ವದ ದೇಶಗಳ, ವ್ಯಾಪಾರದ್ದೂ ಒಂದು ಇದೆ. ಅಲ್ಲಿ ಇಂಗ್ಲೆಂಡಿನ ಆಮದು ಉದ್ದಕ್ಕೂ ಮೇಲೆ, ರಫ್ತು ಕೆಳಗೆ. ಡೆನ್ಮಾರ್ಕಿನ ನಿಯಮವನ್ನೇ ಹಚ್ಚಿದರೆ ಇಂಗ್ಲೆಂಡಿಗೆ ನಷ್ಟವೋ ನಷ್ಟ ಅನ್ನಬೇಕು. ಆದರೆ 1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಸಿಕ್ಕಿತು. ಅಲ್ಲಿನ ರೈತರಿಂದ ವಸೂಲಾದ ಕಂದಾಯದ ದುಡ್ಡಿನಲ್ಲೇ ಅಲ್ಲಿನ ಬಟ್ಟೆಬರೆ ಕೊಂಡು ಲಂಡನ್ನಿಗೆ ಸಾಗಿಸತೊಡಗಿದರು. ಹೊರಗಿನಿಂದ ದುಡ್ಡು ಕೊಡದೆ ಬಂದ ಸರಕು ಅದು. ಗ್ರಾಫಿನ ಕಣ್ಣಿಗೆ ಅದೂ ಬರೀ ಆಮದು.

ಇದೇ ಗ್ರಾಫಿನಲ್ಲಿ ಇನ್ನೊಂದು ಮೋಸ ಇದೆ. ಅದು ಯಾರ ನಂಬಿಕೆಯದೂ ಅಲ್ಲ, ನಮ್ಮ ಕಣ್ಣಿನದು. 1984ರಲ್ಲಿ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ಇದನ್ನು ತೋರಿಸಿಕೊಟ್ಟರು. 1760 ದಾಟಿದ ಕೂಡಲೇ ಆಮದು-ರಫ್ತಿನ ಅಂತರ ಗಬಕ್ಕನೆ ಏರಿ ಮತ್ತೆ ಇಳಿದಿದೆ. ಗ್ರಾಫ್ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಎರಡೂ ಗೆರೆಗಳು ಅಲ್ಲಿ ಕಡಿದಾಗಿ ಹತ್ತುತ್ತವೆ. ಕಡಿದಾದ ಕಡೆ ಕಣ್ಣು ನೇರ ಮೇಲಿನಿಂದ ಕೆಳಕ್ಕೆ ಅಳೆಯುವುದಿಲ್ಲ, ಒಂದು ಗೆರೆಯಿಂದ ಇನ್ನೊಂದಕ್ಕೆ ಅತಿ ಹತ್ತಿರದ ದಾರಿಯನ್ನು ಅಳೆಯುತ್ತದೆ. ನೀವೇ ಮಾಡಿ ನೋಡಬಹುದು. ಕಾಗದದ ಮೇಲೆ ಒಂದು ಬಾಗಿದ ಗೆರೆ ಎಳೆಯಿರಿ, ಮೊದಲು ಮಟ್ಟಸವಾಗಿ, ಆಮೇಲೆ ಕಡಿದಾಗಿ. ಎಲ್ಲ ಕಡೆಯೂ ಸ್ಕೇಲಿನಲ್ಲಿ ನೇರ ಮೇಲಕ್ಕೆ ಸರಿಯಾಗಿ ಎರಡು ಸೆಂಟಿಮೀಟರ್ ಅಳೆದು ಚುಕ್ಕಿ ಇಟ್ಟು, ಚುಕ್ಕಿಗಳನ್ನು ಸೇರಿಸಿ. ಅಂತರ ಎಲ್ಲ ಕಡೆ ಒಂದೇ. ಆದರೂ ಕಡಿದಾದ ಕಡೆ ಗೆರೆಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ. ನಮ್ಮ ಜೋಳದ ಗ್ರಾಫಿನಲ್ಲೂ ಒಂದು ಗೆರೆ ಧಡ್ ಅಂತ ಇಳಿಯುವ, ಇನ್ನೊಂದು ಏರುವ ಜಾಗ ಇದೆ. ಹಾಗಾಗಿ ಕೆಳಗೆ ಇನ್ನೊಂದು ಸಣ್ಣ ಗ್ರಾಫ್ ಸೇರಿಸಿ, ಅಂತರವನ್ನೇ ಬೇರೆ ಗೆರೆಯಾಗಿ ಬರೆದೆ. ಪ್ಲೇಫೇರ್‌ಗೆ ಇದು ಶೈಲಿಭಂಗ ಅನ್ನಿಸಬಹುದು, ಅನ್ನಿಸಲಿ.

ಕಸ್ಟಮ್ಸ್ ಲೆಕ್ಕಕ್ಕೆ ಬೀಳದ್ದೂ ಬಹಳ ಇದೆ. ದಾವಣಗೆರೆಯ ಜೋಳ ಹಡಗು ಹತ್ತುವುದಕ್ಕಿಂತ ಹೆಚ್ಚಾಗಿ ಲಾರಿ ಹತ್ತುತ್ತದೆ, ತಮಿಳುನಾಡಿನ ಕೋಳಿ ಮೇವಿನ ಕಾರ್ಖಾನೆಗಳಿಗೆ ಹೋಗುತ್ತದೆ. ಮೂಟೆ ಲೆಕ್ಕದ ಜೋಳಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಸರಕು ಸಾಗಿಸುವಾಗ ಆನ್‌ಲೈನಿನಲ್ಲಿ ಮಾಡಿಸುವ ಇ-ವೇ ಬಿಲ್ ಕೂಡ ಬೇಕಿಲ್ಲ. ದೇಶದೊಳಗಿನ ಈ ಓಡಾಟಕ್ಕೆ ಗೆರೆ ಎಳೆಯಲು ಅಂಕಿಯೇ ಸಿಗುವುದಿಲ್ಲ. ಪ್ಲೇಫೇರ್‌ಗೂ ಸ್ಕಾಟ್ಲೆಂಡಿನ ವಿಷಯದಲ್ಲಿ ಇಂಥದೇ ತೊಂದರೆ. ವರ್ಷವರ್ಷದ ಲೆಕ್ಕ ಸಿಗದೆ, 1781ರ ಒಂದೇ ವರ್ಷದ ಅಂಕಿ ಹಿಡಿದು, 17 ಕಡೆಗಳ ಜೊತೆಗಿನ ವ್ಯಾಪಾರವನ್ನು ಬಾರ್‌ಗಳಾಗಿ, ಅಂದರೆ ಉದ್ದುದ್ದ ಪಟ್ಟಿಗಳಾಗಿ, ಬರೆದ. ಕಾಲ ತೋರಿಸದ ಈ ಚಿತ್ರ ಅವನಿಗೇ ಅಷ್ಟು ಸಮಾಧಾನ ಕೊಡಲಿಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಮೊದಲು ಕಲಿಯುವ ಬಾರ್ ಚಾರ್ಟ್ ಹುಟ್ಟಿದ್ದು ಹಾಗೆ, ಅಂಕಿ ಸಾಲದೆ.

ಪ್ಲೇಫೇರನ ಕೊನೆಗಾಲದ ಗ್ರಾಫ್ ಒಂದು ನಮ್ಮ ರೈತರಿಗೆ ಇನ್ನೂ ಹತ್ತಿರದ್ದು. 1821ರದ್ದು. ಎರಡೂವರೆ ಶತಮಾನದ ಗೋಧಿ ಬೆಲೆಯನ್ನು ಪಟ್ಟಿಗಳಲ್ಲೂ, ಒಳ್ಳೆಯ ಕುಶಲಕರ್ಮಿಯ ವಾರದ ಕೂಲಿಯನ್ನು ಗೆರೆಯಲ್ಲೂ ತೋರಿಸಿದ್ದಾನೆ. ಕೂಲಿಗೆ ಹೋಲಿಸಿದರೆ ಗೋಧಿ ಹಿಂದೆಂದೂ ಇಷ್ಟು ಅಗ್ಗ ಇರಲಿಲ್ಲ ಅನ್ನುವುದು ಅವನ ವಾದ. ಆದರೆ ಚಿತ್ರ ನೋಡಿದವರ ಕಣ್ಣಿಗೆ ಬೀಳುವುದು ಎತ್ತರೆತ್ತರದ ಗೋಧಿ ಪಟ್ಟಿಗಳು, ಕೆಳಗೆಲ್ಲೋ ತೆವಳುವ ಕೂಲಿ. ಅವನ ವಾದಕ್ಕೆ ಅವನ ಚಿತ್ರವೇ ಅಡ್ಡ ಬಂತು. ಬೆಲೆಯನ್ನು ಕೂಲಿಯಿಂದ ಭಾಗಿಸಿ ಒಂದೇ ಗೆರೆ ಎಳೆದಿದ್ದರೆ ಸಾಕಿತ್ತು.

ನಮ್ಮ ಜೋಳಕ್ಕೆ ಅದನ್ನು ಮಾಡಿ ನೋಡಿದೆ, ಆದರೆ ಬೆಳೆಗಾರನ ಕಡೆಯಿಂದ. ಒಂದು ಕ್ವಿಂಟಲ್ ಜೋಳ ಮಾರಿದರೆ ಎಷ್ಟು ದಿನದ ಕೂಲಿ ಕೊಡಬಹುದು? ಬೆಲೆಗೆ ಕೇಂದ್ರದ ಬೆಂಬಲ ಬೆಲೆ ಇಟ್ಟುಕೊಂಡೆ, ಕೂಲಿಗೆ ಕರ್ನಾಟಕದ ನರೇಗಾ ದರ. 2013-14ರಲ್ಲಿ ಬೆಂಬಲ ಬೆಲೆ 1,310 ರೂಪಾಯಿ, ಕೂಲಿ 174. ಏಳೂವರೆ ದಿನ. 2024-25ರಲ್ಲಿ 2,225 ಮತ್ತು 349. ಆರೂಕಾಲು ದಿನ ಚಿಲ್ಲರೆ. 2025-26ರಲ್ಲಿ 2,400 ಮತ್ತು 370. ಆರೂವರೆ ದಿನಕ್ಕೆ ತುಸು ಕಮ್ಮಿ. ಬೆಲೆಯ ಗೆರೆ, ಕೂಲಿಯ ಗೆರೆ ಎರಡನ್ನೂ ಬೇರೆಬೇರೆ ಬರೆದರೆ ಎರಡೂ ಏರುತ್ತವೆ, ಎಲ್ಲರೂ ಉದ್ಧಾರವಾದ ಹಾಗೆ ಕಾಣುತ್ತದೆ. ಭಾಗಿಸಿ ಬರೆದ ಗೆರೆ ಒಟ್ಟಿನಲ್ಲಿ ಇಳಿದಿದೆ. ಹೊಲದ ಕೂಲಿ ನರೇಗಾ ದರಕ್ಕಿಂತ ಮೇಲಿದ್ದರೆ ಇನ್ನೂ ಕೆಳಗೆ ಹೋಗುತ್ತದೆ.

ಇದೂ ಬೆಂಬಲ ಬೆಲೆ ನಿಜಕ್ಕೂ ಸಿಕ್ಕರೆ. 2025ರ ಕೊನೆಯಲ್ಲಿ ಹೊಸ ಜೋಳ ಬಂದಾಗ ಧಾರಣೆ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗಿಳಿದು, ಖರೀದಿ ಕೇಂದ್ರ ತೆರೆಯಿರಿ ಅಂತ ಕರ್ನಾಟಕದ ಜೋಳದ ಸೀಮೆಯ ರೈತರು ರಸ್ತೆಗಿಳಿದರು. ಕ್ವಿಂಟಲಿಗೆ 1,800 ಸಿಕ್ಕಿತು ಅಂದುಕೊಂಡರೂ 370ರ ಕೂಲಿಯಲ್ಲಿ ಐದು ದಿನ ತುಂಬುವುದಿಲ್ಲ. ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಾವಣಗೆರೆ ಮಾರುಕಟ್ಟೆಯ ಕನಿಷ್ಠ, ಗರಿಷ್ಠ, ಮಾದರಿ ಧಾರಣೆ ಸಿಗುತ್ತದೆ. ಮಾದರಿ ಅಂದರೆ ಹೆಚ್ಚಿನ ಮಾಲು ಮಾರಾಟವಾದ ಬೆಲೆ. ಈ ಗೆರೆಯನ್ನು ಬೆಂಬಲ ಬೆಲೆ ಬಿಟ್ಟು ಆ ಮಾದರಿ ಧಾರಣೆಯಿಂದ ಬರೆಯಬೇಕು, ಅದೂ ತಿಂಗಳು ತಿಂಗಳಿಗೆ. ಯಾಕೆಂದರೆ ನಮ್ಮಲ್ಲಿ ಬಹಳ ಜನ ಜೋಳ ಮಾರುವುದು ಕೊಯ್ಲಾದ ಒಂದೆರಡು ತಿಂಗಳೊಳಗೇ. ವರ್ಷದ ಸರಾಸರಿ ಬೆಲೆ ಅವರ ಕೈಗೆ ಬರುವುದೇ ಇಲ್ಲ.