ಖಜಾಂಚಿ ಒಬ್ಬನೇ, ಕಾಗದ ಎಷ್ಟು?

ಹುಬ್ಬಳ್ಳಿಯ ಯಾವುದೇ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗಿ, ಬಿಲ್ ಕೌಂಟರಿನ ಪಕ್ಕದಲ್ಲಿ ಇನ್ಶೂರೆನ್ಸ್ ಡೆಸ್ಕ್ ಇರುತ್ತದೆ. ಅಲ್ಲಿ ಕೂತವರಿಗೆ ರೋಗಿಯ ನಾಡಿ ಬೇಕಿಲ್ಲ, ಪಾಲಿಸಿ ನಂಬರ್ ಬೇಕು. ಅದೇ ಅಪೆಂಡಿಕ್ಸ್ ಆಪರೇಷನ್ನಿಗೆ ಒಂದು ಕಂಪನಿಯ ದರ ಬೇರೆ, ಇನ್ನೊಂದರ ರೂಮ್ ಬಾಡಿಗೆ ಮಿತಿ ಬೇರೆ. ಡಾಕ್ಟರು ಡಿಸ್ಚಾರ್ಜ್ ಬರೆದ ಮೇಲೂ ರೋಗಿ ಮಂಚದ ಮೇಲೇ ಕಾಯುವುದು ಎಷ್ಟು ಮಾಮೂಲಾಯಿತೆಂದರೆ, ಕ್ಯಾಶ್‌ಲೆಸ್ ಅರ್ಜಿಗೆ ಒಂದು ತಾಸಿನಲ್ಲಿ, ಡಿಸ್ಚಾರ್ಜಿಗೆ ಮೂರು ತಾಸಿನಲ್ಲಿ ಉತ್ತರ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಗಡುವು ಹಾಕಬೇಕಾಯಿತು.

ಹಣ ಕೊಡುವವರು ಹೆಚ್ಚಿದಷ್ಟೂ ಗುಮಾಸ್ತರು ಹೆಚ್ಚು. 2017ರ ಲೆಕ್ಕದಲ್ಲಿ ಅಮೆರಿಕದ ಆರೋಗ್ಯ ವೆಚ್ಚದಲ್ಲಿ ಆಡಳಿತದ ಪಾಲು ಶೇ. 34, ಆಸ್ಪತ್ರೆಗೂ ಡಾಕ್ಟರಿಗೂ ಪ್ರಾಂತ್ಯ ಸರ್ಕಾರವೊಂದೇ ದುಡ್ಡು ಕೊಡುವ ಕೆನಡಾದಲ್ಲಿ ಶೇ. 17. ಗುಟ್ಟು ‘ಒಬ್ಬನೇ’ ಎಂಬುದರಲ್ಲಷ್ಟೇ ಇಲ್ಲ. ಕೆನಡಾದ ಆಸ್ಪತ್ರೆಗಳಿಗೆ ಬಹುಪಾಲು ಹಣ ವರ್ಷದ ಇಡಿಗಂಟಾಗಿ ಬರುತ್ತದೆ. ಹೀಗಾಗಿ ಬ್ಯಾಂಡೇಜಿಗೊಂದು, ಗುಳಿಗೆಗೊಂದು ಬಿಲ್ ಬರೆಯುವ ಕೆಲಸವೇ ಇಲ್ಲ. ಅದರ ಬದಲು ಮಂಡಿ ಕೀಲು ಬದಲಿಸಲು ತಿಂಗಳುಗಟ್ಟಲೆ ಪಾಳಿ.

ನಮ್ಮ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಪೂರ್ತಿ ಏಕಪಾವತಿ ವ್ಯವಸ್ಥೆಯಲ್ಲ, ಅಂದರೆ ಎಲ್ಲರ ಚಿಕಿತ್ಸೆಯ ಖರ್ಚನ್ನೂ ಒಬ್ಬನೇ ಕೊಡುವ ವ್ಯವಸ್ಥೆಯಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಎಪಿಎಲ್‌ನವರಿಗೆ ಯೋಜನೆ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಮೊದಲೇ ಗೊತ್ತುಮಾಡಿದ ಮೊತ್ತದ) ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಆದರೂ ಈ ಯೋಜನೆಯಲ್ಲಿ ದುಡ್ಡು ಕೊಡುವುದು ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಒಂದೇ. ಹಾಗಾದರೆ ಕಾಗದ ಕಡಿಮೆಯಾಗಬೇಕಿತ್ತಲ್ಲ?

ಶಿರಹಟ್ಟಿ ಕಡೆಯ ಒಬ್ಬರಿಗೆ ಸ್ಟೆಂಟ್ ಹಾಕಬೇಕು ಅನ್ನಿ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ. ಆಮೇಲೆ ರೇಷನ್ ಕಾರ್ಡ್, ಆಧಾರ್. ಬಹಳ ಮಂದಿ ಎಡವುವುದು ಇಲ್ಲೇ: ಒಂದರಲ್ಲಿ ‘ಫಕೀರಪ್ಪ’, ಇನ್ನೊಂದರಲ್ಲಿ ‘ಪಕ್ಕೀರಪ್ಪ’; ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಬರೀ ಅಡ್ಡಹೆಸರು. ಮನುಷ್ಯ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹೆಸರು ಹೊಂದಿತೆಂದರೆ ಆರೋಗ್ಯ ಮಿತ್ರರು (ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವವರು) ಆಂಜಿಯೋಗ್ರಾಂ ಸಮೇತ ಟ್ರಸ್ಟಿನ ಪೂರ್ವಾನುಮತಿಗೆ ಕಳಿಸುತ್ತಾರೆ. ಚಿತ್ರ ಮಸುಕಾಗಿದ್ದರೆ ‘ಕ್ವೆರಿ’ ಬಿತ್ತು, ಒಂದು ದಿನ ಹೋಯಿತು.

ಇದು ಅಧಿಕಾರಿಗಳ ಹಟವಷ್ಟೇ ಅಲ್ಲ. ಆಪರೇಷನ್ನಿಗಿಷ್ಟು ಎಂದು ಕೊಡುವಾಗ, ಮಾಡದ ಆಪರೇಷನ್ನಿಗೂ ಬಿಲ್ ಬರುವ ಭಯ ಇದ್ದೇ ಇರುತ್ತದೆ. 1995ರಿಂದ ಏಕಪಾವತಿ ವಿಮೆ ನಡೆಸುತ್ತಿರುವ ತೈವಾನ್ ಇದಕ್ಕೊಂದು ಉಪಾಯ ಮಾಡಿದೆ. ಎಲ್ಲ ಬಿಲ್ಲನ್ನೂ ತಜ್ಞರು ಕೂತು ನೋಡುವುದಿಲ್ಲ. ಕೆಲವನ್ನು ಆರಿಸಿ ತೆಗೆಯುತ್ತಾರೆ. ಅದರಲ್ಲಿ ತಪ್ಪು ಸಿಕ್ಕರೆ ಉಳಿದವುಗಳಲ್ಲೂ ಅದೇ ಪ್ರಮಾಣದಲ್ಲಿ ಕಡಿತ. ಮೊಂಡು ಉಪಾಯ, ಆದರೆ ಈ ತಪಾಸಣೆಗಾಗಿ ರೋಗಿ ಕಾಯಬೇಕಾಗುವುದಿಲ್ಲ.

ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗಳೂ ಇದೇ ಟ್ರಸ್ಟಿಗೆ ಕ್ಲೇಮ್ ಕಳಿಸುತ್ತವೆ. ಕಟ್ಟಡ ಸರ್ಕಾರದ್ದು, ಡಾಕ್ಟರ ಸಂಬಳ ಸರ್ಕಾರದ್ದು. ಆದರೂ ಸ್ಟೆಂಟಿನ ಡಬ್ಬಿಯ ಮೇಲಿನ ಸ್ಟಿಕ್ಕರ್ ಕಿತ್ತು ಕೇಸ್ ಶೀಟಿಗೆ ಅಂಟಿಸಿ, ಸ್ಕ್ಯಾನ್ ಮಾಡಿ, ಸರ್ಕಾರಕ್ಕೇ ತೋರಿಸಬೇಕು.