ಬೆಂಗಳೂರಿನ ಮಧ್ಯಾಹ್ನ ಹನ್ನೆರಡಕ್ಕಲ್ಲ

ಫೆಬ್ರವರಿ ಎರಡನೇ ವಾರದ ಭಾನುವಾರ. ಅಣ್ಣನ ಮಗಳೂ ನಾನೂ ಜಯನಗರದ ಮನೆಯ ತಾರಸಿ ಮೇಲೆ ಒಂದು ಕಡ್ಡಿ ನಿಲ್ಲಿಸಿದೆವು. ಬುಡಕ್ಕೆ ಒಂದು ಹಿಡಿ ಜೇಡಿಮಣ್ಣು, ಕೆಳಗೆ ಹಳೇ ಕ್ಯಾಲೆಂಡರ್ ಹಾಳೆ. ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಅವಳು ಪೆನ್ಸಿಲ್ ಚುಕ್ಕೆ ಇಡುತ್ತಿದ್ದಳು. ಹನ್ನೆರಡು ದಾಟಿತು. ನೆರಳು ಇನ್ನೂ ಕುಗ್ಗುತ್ತಲೇ ಇತ್ತು. ತೀರಾ ಚಿಕ್ಕದಾಗಿದ್ದು 12:35ರ ಹೊತ್ತಿಗೆ. ಸೂರ್ಯ ಅತಿ ಎತ್ತರಕ್ಕೇರುವ ನಡುಹಗಲು ಅಂದರೆ ಅದೇ.

"ಹಾಗಾದ್ರೆ ಗಡಿಯಾರ ತಪ್ಪಾ, ಚಿಕ್ಕಪ್ಪ?"

ತಪ್ಪಲ್ಲ. ಅದು ತೋರಿಸುವುದು ನಮ್ಮೂರಿನ ಹೊತ್ತನ್ನಲ್ಲ, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಹೊತ್ತನ್ನು. ನಾವು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದ್ದೇವೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಅಲ್ಲಿಗೆ 20 ನಿಮಿಷ ತಡವಾಯಿತು. ಉಳಿದ 14 ನಿಮಿಷಕ್ಕೆ ಭೂಮಿಯ ವಾಲು ಮತ್ತು ಅದು ಸುತ್ತುವ ದಾರಿಯ ಆಕಾರ ಕಾರಣ. ಇವುಗಳ ಪರಿಣಾಮ ವರ್ಷವಿಡೀ ಒಂದೇ ಥರ ಇರುವುದಿಲ್ಲ. ಅದಕ್ಕೇ ನವೆಂಬರ್ ಶುರುವಿನಲ್ಲಿ ಬೆಂಗಳೂರಿನ ನಡುಹಗಲು 12:03ಕ್ಕೇ ಬಂದುಬಿಡುತ್ತದೆ.

ಮೊದಲು ಊರೂರಿಗೂ ಅದರದೇ ಮಧ್ಯಾಹ್ನ ಇತ್ತು. ದೇಶಕ್ಕೆಲ್ಲ ಒಂದೇ ಗಡಿಯಾರ ಅನ್ನುವ ಏರ್ಪಾಡು ಶುರುವಾಗಿದ್ದು 1906ರಲ್ಲಿ.

ಎಲ್ಲರಿಗೂ ಒಂದೇ ಕಾಲ ಅನ್ನುವ ಯೋಚನೆ ಮಾತ್ರ ಬಹಳ ಹಳೆಯದು. ಕಾಲ ಒಂದೇ, ಅದು ನಿತ್ಯ, ಗಳಿಗೆ ದಿನ ಅಂತ ತುಂಡು ಮಾಡುವುದು ನಮ್ಮ ಬಳಕೆಗಷ್ಟೇ ಎಂದರು ಪ್ರಾಚೀನ ಭಾರತದ ದಾರ್ಶನಿಕ ಪಂಥವಾದ ವೈಶೇಷಿಕರು. ಯಾರು ನೋಡಲಿ ಬಿಡಲಿ, ಕಾಲ ಒಂದೇ ಸಮನೆ ಹರಿಯುತ್ತದೆ ಎಂದು 1687ರಲ್ಲಿ ನ್ಯೂಟನ್ ಬರೆದರು. ಜರ್ಮನಿಯ ತತ್ವಜ್ಞಾನಿ ಲೈಬ್ನಿಜ್ ಒಪ್ಪಲಿಲ್ಲ. ಒಂದಾದ ಮೇಲೊಂದು ಸಂಗತಿ ನಡೆಯುವ ಕ್ರಮವನ್ನೇ ನಾವು ಕಾಲ ಅನ್ನುತ್ತೇವೆ, ಸಂಗತಿಯೇ ಇಲ್ಲದಿದ್ದರೆ ಕಾಲ ಎಲ್ಲಿಯದು ಎಂದರು. ಕಡ್ಡಿಯ ಮುಂದೆ ಕೂತು ಚುಕ್ಕೆ ಎಣಿಸಿದ ನನಗೆ ಈ ಮಾತೇ ಜಾಸ್ತಿ ಹತ್ತಿರ.

ಆಮೇಲೆ ಐನ್‌ಸ್ಟೈನ್ ಬಂದರು. ಭೂಮಿಗೆ ಹತ್ತಿರವಿದ್ದಷ್ಟೂ ಗಡಿಯಾರ ನಿಧಾನ ಎಂದು 1915ರ ಅವರ ಸಿದ್ಧಾಂತ ಹೇಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಕಡಲತೀರದ ಗಡಿಯಾರಕ್ಕಿಂತ ನಮ್ಮದು ವರ್ಷಕ್ಕೆ ಸುಮಾರು 3 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅಂದರೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಮೂರು. ಸುಮ್ನೆ ಲೆಕ್ಕವಲ್ಲ ಇದು. ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೋಡುತ್ತದೆ. ಅದನ್ನು ಸರಿಪಡಿಸದಿದ್ದರೆ ಫೋನ್ ತೋರಿಸುವ ಜಾಗ ದಿನಕ್ಕೆ 10 ಕಿಲೋಮೀಟರ್‌ನಷ್ಟು ತಪ್ಪುತ್ತಾ ಹೋಗುತ್ತದೆ. 2010ರಲ್ಲಂತೂ ಅಮೆರಿಕದ ವಿಜ್ಞಾನಿಗಳು ಬರೀ 33 ಸೆಂಟಿಮೀಟರ್ ಎತ್ತರಕ್ಕೂ ಈ ವ್ಯತ್ಯಾಸವನ್ನು ಅಳೆದು ತೋರಿಸಿದರು.

ಅಷ್ಟರಲ್ಲಿ ಅತ್ತಿಗೆ ಊಟಕ್ಕೆ ಕರೆದರು. ಹುಡುಗಿ ಮೆಟ್ಟಿಲ ಮೇಲೆ ನಿಂತು ಕೇಳಿದಳು. "ಅಮ್ಮನ ಅಡುಗೆಮನೆ ಗಡಿಯಾರ ಇಲ್ಲಿಗಿಂತ ನಿಧಾನ, ಅಲ್ವಾ?"

"ಹೌದು ಪುಟ್ಟಿ."